ಜೀವಕೋಶದ ರಚನೆ ಮತ್ತು ಕುಟುಂಬದ ಆರೋಗ್ಯ

ಹೊಲದಲ್ಲಿ ಬೆಳೆಯುವ ರಾಗಿಯ ಪೈರು, ಕೊಟ್ಟಿಗೆಯಲ್ಲಿ ಕಟ್ಟಿದ ಹಸು, ತೊಟ್ಟಿಲಲ್ಲಿ ಮಲಗಿದ ಕೂಸು, ಈ ಮೂರೂ ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವುಗಳೆಂದು ತೋರಬಹುದು. ಆದರೆ ಇವುಗಳ ಶರೀರದ ಒಂದು ತೆಳುವಾದ ಪದರವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಪರೀಕ್ಷಿಸಿದರೆ, ಮೂರೂ ಅತಿ ಸಣ್ಣ ಘಟಕಗಳಿಂದ ಕಟ್ಟಲ್ಪಟ್ಟಿರುವುದು ಕಂಡುಬರುತ್ತದೆ. ಇಟ್ಟಿಗೆಗಳಿಂದ ಮನೆಯ ಗೋಡೆ ಏಳುವಂತೆ ಈ ಘಟಕಗಳಿಂದ ಜೀವಿಯ ಶರೀರ ಬೆಳೆಯುತ್ತದೆ. ಇವುಗಳನ್ನೇ ಜೀವಕೋಶಗಳೆಂದು ಕರೆಯುತ್ತೇವೆ. ಆದರೆ ಇಟ್ಟಿಗೆ ಜಡವಸ್ತು; ಜೀವಕೋಶವಾದರೋ ಆಹಾರವನ್ನು ಪಡೆಯುತ್ತದೆ, ಉಸಿರಾಡುತ್ತದೆ, ತನಗೆ ಒಪ್ಪಿಸಿದ ಕೆಲಸವನ್ನು ಮಾಡುತ್ತದೆ, ಅಗತ್ಯವಾದಾಗ ಒಂದು ಎರಡಾಗುತ್ತದೆ.

ಇದು ಶಾಲೆಯ ಮಕ್ಕಳು ಓದುವ ಪಾಠವಲ್ಲವೇ, ಸಂಸಾರಸ್ಥರಿಗೆ ಇದರಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಗಂಡು ಮಗು ಹುಟ್ಟಲಿಲ್ಲವೆಂದು ಸೊಸೆಯನ್ನು ಹಳಿಯುವುದು, ಭೇದಿಯಾದ ಮಗುವಿಗೆ ನೀರು ಕೊಡದೆ ನಿಲ್ಲಿಸುವುದು, ಬಸುರಿಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ಮಾಡದ ಮೂಲೆಯಲ್ಲಿ ಮರೆತುಬಿಡುವುದು, ಗಂಡಸರು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅಂಜುವುದು, ಇವೆಲ್ಲವುಗಳ ಹಿಂದೆ ದೇಹದೊಳಗಿನ ಜೀವಕೋಶಗಳು ಹೇಗೆ ನಡೆದುಕೊಳ್ಳುತ್ತವೆಂಬ ತಿಳಿವಳಿಕೆಯ ಕೊರತೆ ಇರುತ್ತದೆ. ಆದುದರಿಂದ ಜೀವಕೋಶದ ಒಳಗೆ ಏನೇನಿದೆ, ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಗಂಡ ಹೆಂಡಿರು ಇಬ್ಬರೂ ಅರಿತಿರುವುದು ಉಚಿತ.

ಜೀವಕೋಶವನ್ನು ಕಂಡ ಬಗೆ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಬಿರಡೆ ಮಾಡುವ ಮರದ ತೊಗಟೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೇನುಹಟ್ಟಿಯಂತೆ ಸಾಲಾಗಿ ಜೋಡಿಸಿದ ಸಣ್ಣ ಕೋಣೆಗಳು ಕಂಡವು. ಆ ಕೋಣೆಗಳಿಗೆ ಆತನಿತ್ತ ಹೆಸರೇ ಇಂದಿಗೂ ಉಳಿದಿದೆ. ಆತ ಕಂಡದ್ದು ಸತ್ತ ಕೋಶಗಳ ಬರಿದಾದ ಗೋಡೆಗಳನ್ನು ಮಾತ್ರ. 1838ರಲ್ಲಿ ಷ್ಲೈಡನ್ ಎಂಬಾತ ಸಸ್ಯಗಳೆಲ್ಲವೂ, 1839ರಲ್ಲಿ ಶ್ವಾನ್ ಎಂಬಾತ ಪ್ರಾಣಿಗಳೆಲ್ಲವೂ ಜೀವಕೋಶಗಳಿಂದಲೇ ಆಗಿವೆ ಎಂದು ಸಾರಿದರು.

ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಇವುಗಳಲ್ಲಿ ಬಹುಪಾಲು ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ಹಳ್ಳಿಯವರು ದಿನವೂ ಕೈಯಲ್ಲಿ ಹಿಡಿಯುವ ಕೆಲವು ದೊಡ್ಡ ಜೀವಕೋಶಗಳುಂಟು. ಕೋಳಿಮೊಟ್ಟೆಯೊಳಗಿನ ಹಳದಿ ಭಾಗವು ಮೂಲತಃ ಒಂದೇ ಜೀವಕೋಶ. ಹತ್ತಿಯ ಕಾಯಿ ಒಡೆದಾಗ ಬೀಜಕ್ಕೆ ಅಂಟಿಕೊಂಡಿರುವ ಒಂದೊಂದು ಎಳೆಯೂ ಬೀಜದ ಹೊರಸಿಪ್ಪೆಯಿಂದ ಉದ್ದವಾಗಿ ಬೆಳೆದ ಒಂದೊಂದು ಜೀವಕೋಶವೇ ಆಗಿದೆ. ನಾವು ಉಡುವ ಪಂಚೆ, ಸೀರೆಗಳು ಕೋಟಿಗಟ್ಟಲೆ ಸಸ್ಯಕೋಶಗಳ ನೂಲಿನಿಂದ ನೇಯ್ದವು.

ಕೋಶಪೊರೆ: ಒಳಹೊರಗಿನ ಕಾವಲು

ಸಸ್ಯವಾಗಲಿ ಪ್ರಾಣಿಯಾಗಲಿ, ಪ್ರತಿಯೊಂದು ಜೀವಕೋಶವನ್ನೂ ಒಂದು ಅತಿ ತೆಳುವಾದ ಪೊರೆಯು ಸುತ್ತುವರಿದಿರುತ್ತದೆ. ಇದಕ್ಕೆ ಕೋಶಪೊರೆಯೆಂದು ಹೆಸರು. ಇದು ಕೇವಲ ಹೊದಿಕೆಯಲ್ಲ. ಬೇಕಾದುದನ್ನು ಒಳಕ್ಕೆ ಬಿಡುವುದು, ಬೇಡವಾದುದನ್ನು ತಡೆಯುವುದು, ಕಶ್ಮಲವನ್ನು ಹೊರಕ್ಕೆ ಕಳುಹಿಸುವುದು ಇದರ ಕೆಲಸ. ನೀರು ಮಾತ್ರ ಈ ಪೊರೆಯನ್ನು ಸುಲಭವಾಗಿ ದಾಟಬಲ್ಲದು. ಉಪ್ಪಿನ ಅಂಶ ಯಾವ ಕಡೆಗೆ ಹೆಚ್ಚಾಗಿದೆಯೋ ಆ ಕಡೆಗೆ ಅದು ಹರಿಯುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಆ ನೀರು ಮಾವಿನ ಜೀವಕೋಶಗಳೊಳಗಿನಿಂದ ಹೊರಗೆ ಬಂದುದು. ಒಣಗಿದ ಕಡಲೆಕಾಳನ್ನು ನೀರಿನಲ್ಲಿ ನೆನೆಸಿದಾಗ ಅದು ಉಬ್ಬುವುದಕ್ಕೆ ನೀರು ಒಳಕ್ಕೆ ಹೋಗುವುದೇ ಕಾರಣ.

ಭೇದಿಯಿಂದ ಬಳಲುವ ಮಗುವಿನ ಪ್ರಾಣ ಉಳಿಸುವ ವಿದ್ಯೆಯೂ ಈ ಪೊರೆಯಲ್ಲಿಯೇ ಅಡಗಿದೆ. ಭೇದಿಯಲ್ಲಿ ದೇಹದ ನೀರೂ ಲವಣಗಳೂ ಹೊರಗೆ ಹೋಗಿ, ಮಗುವಿನ ಕಣ್ಣು ಗುಳಿಬೀಳುತ್ತದೆ, ಬಾಯಿ ಒಣಗುತ್ತದೆ, ಮಗು ಜಡವಾಗುತ್ತದೆ. ಆಗ ಬರಿಯ ನೀರನ್ನಷ್ಟೇ ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳಲಾರದು. ಕರುಳಿನ ಒಳಪದರದ ಜೀವಕೋಶಗಳ ಪೊರೆಯಲ್ಲಿ ಒಂದು ವಿಶೇಷ ದ್ವಾರವಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆಯ ರೂಪವಾದ ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಅದು ಅವುಗಳನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಭೇದಿಯ ಕಾಲದಲ್ಲಿಯೂ ಈ ದ್ವಾರ ಕೆಲಸ ನಿಲ್ಲಿಸುವುದಿಲ್ಲ. ಓ.ಆರ್.ಎಸ್. ಪೊಟ್ಟಣದಲ್ಲಿ ಉಪ್ಪನ್ನೂ ಗ್ಲೂಕೋಸನ್ನೂ ಅಳತೆ ಮಾಡಿ ಬೆರೆಸಿರುವುದು ಈ ಕಾರಣಕ್ಕಾಗಿಯೇ.

1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ವೈದ್ಯರಿಲ್ಲದ ಕಡೆಯಲ್ಲಿಯೂ ತಾಯಿಯೊಬ್ಬಳು ಮಾಡಬಹುದಾದ ಚಿಕಿತ್ಸೆ ಇದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಎದೆಹಾಲನ್ನು ನಿಲ್ಲಿಸಬಾರದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತಿತೆಂದು ಬಿಡದೆ, 14 ದಿನ ಪೂರ್ತಿ ಕೊಡಬೇಕು.

ಕೋಶಭಿತ್ತಿ ಮತ್ತು ರಸದಾನಿ: ಸಸ್ಯದ ಬೆನ್ನೆಲುಬು

ಸಸ್ಯಕೋಶಕ್ಕೆ ಪೊರೆಯ ಹೊರಗೆ ಇನ್ನೊಂದು ಗಟ್ಟಿಯಾದ ಗೋಡೆಯಿದೆ. ಇದೇ ಕೋಶಭಿತ್ತಿ. ಇದು ಸೆಲ್ಯುಲೋಸ್ ಎಂಬ ನಾರುವಸ್ತುವಿನಿಂದ ಆದುದು. ಪ್ರಾಣಿಕೋಶಕ್ಕೆ ಈ ಗೋಡೆ ಇಲ್ಲ. ನಮಗೆ ನಿಲ್ಲಲು ಮೂಳೆಗಳಿವೆ. ಗಿಡಕ್ಕೆ ಮೂಳೆಯಿಲ್ಲದಿದ್ದರೂ ಅದು ನೆಟ್ಟಗೆ ನಿಲ್ಲುವುದು ಈ ಗೋಡೆಯ ಬಲದಿಂದ. ಅದಕ್ಕೆ ನೆರವಾಗುವುದು ರಸದಾನಿ. ಬೆಳೆದ ಸಸ್ಯಕೋಶದ ನಡುವೆ ನೀರು, ಲವಣ, ಸಕ್ಕರೆಗಳಿಂದ ತುಂಬಿದ ಒಂದು ದೊಡ್ಡ ಚೀಲವಿರುತ್ತದೆ, ಅದೇ ರಸದಾನಿ. ಅದು ತುಂಬಿದ್ದಾಗ ಗೋಡೆಯನ್ನು ಒಳಗಿನಿಂದ ಒತ್ತಿ ಎಲೆಯನ್ನು ಬಿಗಿಯಾಗಿಡುತ್ತದೆ. ಮಳೆ ತಪ್ಪಿದಾಗ ರಸದಾನಿ ಬರಿದಾಗಿ ಪೈರು ಬಾಡುತ್ತದೆ. ಪ್ರಾಣಿಕೋಶಗಳಲ್ಲಿ ಇಂತಹ ಚೀಲಗಳು ಇದ್ದರೂ ಬಹಳ ಸಣ್ಣವು.

ಸೆಲ್ಯುಲೋಸನ್ನು ನಮ್ಮ ಜಠರ ಜೀರ್ಣಿಸಲಾರದು. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುವುದರಿಂದಲೇ ಅದು ಹುಲ್ಲು ತಿಂದು ಬದುಕುತ್ತದೆ. ಆದರೂ ಸೊಪ್ಪು, ತರಕಾರಿ, ತವುಡು ಹೋಗದ ಧಾನ್ಯಗಳಲ್ಲಿನ ನಾರು ನಮ್ಮ ಕರುಳಿನ ಚಲನೆಗೆ ಅವಶ್ಯ. ಬಸುರಿಯರನ್ನು ಕಾಡುವ ಮಲಬದ್ಧತೆ ಇದರಿಂದ ಕಡಿಮೆಯಾಗುತ್ತದೆ.

ರೋಗ ತರುವ ಬ್ಯಾಕ್ಟೀರಿಯಗಳಿಗೂ ಒಂದು ಬಗೆಯ ಗೋಡೆಯಿದೆ. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ನಮ್ಮ ಜೀವಕೋಶಗಳಿಗೆ ಗೋಡೆಯೇ ಇಲ್ಲವಾದುದರಿಂದ ಅವು ಆ ಪೆಟ್ಟಿನಿಂದ ಪಾರಾಗುತ್ತವೆ. ನೆಗಡಿಯನ್ನು ತರುವ ವೈರಸ್ಸುಗಳು ಜೀವಕೋಶಗಳೇ ಅಲ್ಲ; ಅವುಗಳಿಗೆ ಗೋಡೆಯೂ ಇಲ್ಲ. ಆದುದರಿಂದ ಬರಿಯ ನೆಗಡಿಗೆ ಇಂತಹ ಔಷಧಿಗಳನ್ನು ಅಂಗಡಿಯಿಂದ ತಂದು ನುಂಗುವುದು ವ್ಯರ್ಥ.

ಶಕ್ತಿಯ ಮೂಲಗಳು

ಪೊರೆಯ ಒಳಗೆ ಅಂಬಲಿಯಂತೆ ಮಂದವಾದ ಕೋಶದ್ರವ್ಯವಿರುತ್ತದೆ. ಅದರಲ್ಲಿ ಬೇರೆಬೇರೆ ಕೆಲಸಗಳಿಗೆ ಮೀಸಲಾದ ಸಣ್ಣ ಅಂಗಗಳಿವೆ. ಇವನ್ನು ಕಣದಂಗಗಳೆನ್ನುತ್ತಾರೆ.

ಹಸಿರು ಸಸ್ಯಗಳಲ್ಲಿ ಮಾತ್ರ ಕಾಣುವ ಕಣದಂಗ ಕ್ಲೋರೋಪ್ಲಾಸ್ಟ್. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇರುವುದು ಇದರೊಳಗೆ. ಸೂರ್ಯನ ಬೆಳಕು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್, ಬೇರಿನಿಂದ ಬಂದ ನೀರು, ಇವುಗಳಿಂದ ಇದು ಸಕ್ಕರೆಯನ್ನು ತಯಾರಿಸಿ ಆಮ್ಲಜನಕವನ್ನು ಹೊರಬಿಡುತ್ತದೆ. ಮಣ್ಣಿನೊಳಗಿನ ಬೇರಿನ ಕೋಶಗಳಲ್ಲಿ ಇದಿಲ್ಲ. ನಮ್ಮ ತಟ್ಟೆಗೆ ಬರುವ ಮುದ್ದೆ, ರೊಟ್ಟಿ, ಅನ್ನವೆಲ್ಲವೂ ಮೊದಲು ಈ ಹಸಿರು ಕಣಗಳಲ್ಲಿ ಸಿದ್ಧವಾದುವು.

ಸಸ್ಯ ಮತ್ತು ಪ್ರಾಣಿ ಎರಡರಲ್ಲಿಯೂ ಇರುವ ಕಣದಂಗ ಮೈಟೊಕಾಂಡ್ರಿಯ. ಇದು ಜೀವಕೋಶದ ಒಲೆ. ಸೌದೆ ಉರಿಯಲು ಗಾಳಿ ಬೇಕಾದಂತೆ, ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಳ್ಳಲು ಇದಕ್ಕೆ ಆಮ್ಲಜನಕ ಬೇಕು. ಸದಾ ದುಡಿಯುವ ಹೃದಯದ ಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಬಹಳವಾಗಿರುತ್ತವೆ.

ಈ ಒಲೆಗಳಿಗೆ ಆಮ್ಲಜನಕವನ್ನು ಹೊತ್ತು ತರುವವು ರಕ್ತದ ಕೆಂಪುಕೋಶಗಳು. ಇವು ಬೆಳೆದು ನಿಲ್ಲುವಾಗ ತಮ್ಮ ಕೋಶಕೇಂದ್ರವನ್ನೂ ಮೈಟೊಕಾಂಡ್ರಿಯಗಳನ್ನೂ ಕಳೆದುಕೊಂಡು, ಒಳಗಿನ ಜಾಗವನ್ನೆಲ್ಲ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವಿಗೆ ಬಿಟ್ಟುಕೊಡುತ್ತವೆ. ಇವುಗಳ ಆಯುಷ್ಯ ಸುಮಾರು 120 ದಿನ. ಹಳೆಯವು ಅಳಿದಂತೆ ಮೂಳೆಯ ಮಜ್ಜೆಯಲ್ಲಿ ಕ್ಷಣಕ್ಷಣಕ್ಕೂ ಲಕ್ಷಗಟ್ಟಲೆ ಹೊಸವು ಹುಟ್ಟಬೇಕು. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕು. ಹೊಸ ಕೋಶಗಳು ವಿಭಜನೆಗೊಳ್ಳಲು ಫೋಲಿಕ್ ಆಮ್ಲ ಬೇಕು. ಇವು ಸಾಲದಿದ್ದರೆ ರಕ್ತಹೀನತೆಯುಂಟಾಗುತ್ತದೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಸುಸ್ತು, ತಲೆಸುತ್ತು, ಬಿಳಿಚಿದ ಕಣ್ಣಿನ ಒಳರೆಪ್ಪೆ ಇದರ ಲಕ್ಷಣಗಳು. ಇಂತಹವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೆಚ್ಚಾಗಿ ಹೋದರೂ ಪ್ರಾಣಕ್ಕೆ ಅಪಾಯ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕೆಂದು ಹೇಳುವುದು ಇದಕ್ಕಾಗಿ. ಮಾತ್ರೆಯ ಹಿಂದೆಮುಂದೆ ಕಾಫಿ, ಚಹಾ ಕುಡಿಯಬಾರದು. ನಿಂಬೆಯ ಪಾನಕ, ನೆಲ್ಲಿಕಾಯಿ ಒಳ್ಳೆಯವು. ಮಲದ ಬಣ್ಣ ಕಪ್ಪಾದರೆ ಹೆದರಬೇಕಾದುದಿಲ್ಲ.

ಜೀವಕೋಶದ ಕಾರ್ಖಾನೆ

ಕೋಶದ್ರವ್ಯದಲ್ಲಿ ರೈಬೋಸೋಮ್ ಎಂಬ ಅತಿ ಸಣ್ಣ ಕಣಗಳಿವೆ. ಸಸಾರಜನಕ ವಸ್ತುಗಳನ್ನು, ಅಂದರೆ ಪ್ರೋಟೀನುಗಳನ್ನು ಕಟ್ಟುವುದು ಇವುಗಳ ಕೆಲಸ. ಹೀಗೆ ಸಿದ್ಧವಾದ ವಸ್ತುಗಳು ಕೋಶದ್ರವ್ಯದಲ್ಲಿ ಹರಡಿಕೊಂಡಿರುವ ಪೊರೆಗಳ ಜಾಲದ ಮೂಲಕ ಸಾಗಿ, ಗಾಲ್ಜಿ ಸಂಕೀರ್ಣವೆಂಬ ಭಾಗವನ್ನು ತಲಪುತ್ತವೆ. ಅಲ್ಲಿ ಅವುಗಳನ್ನು ಬೇರ್ಪಡಿಸಿ, ಪುಟ್ಟ ಚೀಲಗಳಲ್ಲಿ ತುಂಬಿ, ಹೋಗಬೇಕಾದ ಕಡೆಗೆ ಕಳುಹಿಸಲಾಗುತ್ತದೆ.

ಬಾಣಂತಿಯ ಸ್ತನದಲ್ಲಿ ಹಾಲು ಉತ್ಪತ್ತಿಯಾಗುವುದು ಈ ಕ್ರಮದಿಂದಲೇ. ಹಾಲಿನ ಪ್ರೋಟೀನನ್ನು ರೈಬೋಸೋಮುಗಳು ಕಟ್ಟುತ್ತವೆ, ಗಾಲ್ಜಿ ಸಂಕೀರ್ಣ ಅದನ್ನು ಹೊರಸಾಗಿಸುತ್ತದೆ. ಮಗು ಚೀಪಿದಷ್ಟೂ ಈ ಕಾರ್ಖಾನೆ ಹೆಚ್ಚು ದುಡಿಯುತ್ತದೆ; ಚೀಪದಿದ್ದರೆ ನಿಧಾನಿಸುತ್ತದೆ. ಮೊದಲ ದಿನಗಳ ಹಳದಿಯಾದ ಗಿಣ್ಣುಹಾಲು ಕೊಳೆತ ಹಾಲಲ್ಲ. ರೋಗಗಳನ್ನು ತಡೆಯುವ ವಸ್ತುಗಳು ಅದರಲ್ಲಿ ಹೇರಳವಾಗಿವೆ. ಅದನ್ನು ಹಿಂಡಿ ಚೆಲ್ಲದೆ, ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆ ಕೊಡಬೇಕು. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ.

ಲೈಸೋಸೋಮ್ ಎಂಬ ಇನ್ನೊಂದು ಕಣದಂಗ ಜೀವಕೋಶವನ್ನು ಗುಡಿಸಿ ಶುಚಿಗೊಳಿಸುತ್ತದೆ. ಬಿಳಿರಕ್ತಕೋಶಗಳು ನುಂಗಿದ ರೋಗಾಣುಗಳನ್ನು ಕರಗಿಸುವುದು ಇದರ ರಸಗಳು. ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರಗಳಲ್ಲಿ ನೂರು ಗ್ರಾಮಿಗಿಂತ ಕಡಿಮೆಯಾಗುವುದು, ಅದರ ಜೀವಕೋಶಗಳು ತಮ್ಮಲ್ಲಿ ಹೆಚ್ಚಾಗಿ ಬೆಳೆದುದನ್ನು ತಾವೇ ಕರಗಿಸಿಕೊಳ್ಳುವುದರಿಂದ. ದೇಹವು ಇಷ್ಟು ದೊಡ್ಡ ಕೆಲಸದಲ್ಲಿ ತೊಡಗಿರುವಾಗ ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಹೊಟ್ಟೆಗೆ ಕಡಿಮೆ ಮಾಡುವುದು ತರವಲ್ಲ. ಅವಳಿಗೆ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಎಂದಿಗಿಂತ ಹೆಚ್ಚಾಗಿ ಬೇಕು.

ಕೋಶಕೇಂದ್ರ: ವಂಶದ ಬರಹ

ಜೀವಕೋಶದ ಒಳಗೆ ತನ್ನದೇ ಪೊರೆಯುಳ್ಳ ದುಂಡಾದ ಭಾಗವೊಂದಿದೆ. ಅದು ಕೋಶಕೇಂದ್ರ. ಮನೆಯ ಯಜಮಾನನಂತೆ ಇತರ ಭಾಗಗಳಿಗೆ ಮಾಡಬೇಕಾದ ಕೆಲಸವನ್ನು ಗೊತ್ತುಪಡಿಸುವುದು ಇದು. ಇದರೊಳಗೆ ದಾರದಂತಹ ವರ್ಣತಂತುಗಳಿವೆ. ಇವುಗಳಲ್ಲಿ ವಂಶವಾಹಿಗಳು ಸಾಲಾಗಿ ಜೋಡಣೆಗೊಂಡಿವೆ. ಬಣ್ಣ, ಎತ್ತರ, ರಕ್ತದ ಗುಂಪು ಮುಂತಾದ ಲಕ್ಷಣಗಳ ಬರಹ ಇರುವುದು ಇವುಗಳಲ್ಲಿ.

ಪ್ರತಿಯೊಂದು ಜಾತಿಯ ಜೀವಿಗೂ ವರ್ಣತಂತುಗಳ ಸಂಖ್ಯೆ ಗೊತ್ತಾಗಿದೆ. ಜೋಳದಲ್ಲಿ 20, ಭತ್ತದಲ್ಲಿ 24, ರಾಗಿಯಲ್ಲಿ 36, ಹಸುವಿನಲ್ಲಿ 60, ಮನುಷ್ಯನಲ್ಲಿ 46. ಮನುಷ್ಯನ 46 ವರ್ಣತಂತುಗಳು 23 ಜೋಡಿಗಳಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದುದು.

ತಾಯಿ ತಂದೆಗಳಿಬ್ಬರ ಗುಣವೂ ಸಂತಾನದಲ್ಲಿ ಸೇರುವುದನ್ನು ನಮ್ಮ ರೈತರು ಹೊಲದಲ್ಲಿಯೇ ಕಂಡಿದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ ಪಡೆದ ಇಂಡಾಫ್ ತಳಿಗಳು 1970ರ ದಶಕದಲ್ಲಿ ನಾಡಿನ ಹೊಲಗಳಲ್ಲಿ ಹರಡಿ ಇಳುವರಿಯನ್ನು ಹೆಚ್ಚಿಸಿದವು. ಎರಡು ತಳಿಗಳ ವರ್ಣತಂತುಗಳು ಒಂದು ಬೀಜದಲ್ಲಿ ಕೂಡಿದುದರಿಂದ ಅದು ಸಾಧ್ಯವಾಯಿತು.

ಮಗುವಿನ ಮೊದಲ ಜೀವಕೋಶ

ನಾವೆಲ್ಲರೂ ಒಂದು ಕಾಲದಲ್ಲಿ ಒಂದೇ ಒಂದು ಜೀವಕೋಶವಾಗಿದ್ದೆವು. ತಾಯಿಯ ಅಂಡಾಣುವಿನಲ್ಲಿ 23, ತಂದೆಯ ವೀರ್ಯಾಣುವಿನಲ್ಲಿ 23 ವರ್ಣತಂತುಗಳಿರುತ್ತವೆ. ಎರಡೂ ಕೂಡಿ 46 ಆದಾಗ ಹೊಸ ಜೀವಕ್ಕೆ ಆರಂಭ.

ಈ ಎರಡು ಕೋಶಗಳ ರಚನೆಯಲ್ಲಿ ಬಹಳ ಅಂತರವಿದೆ. ಅಂಡಾಣು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದೊಡ್ಡದು. ಕೋಶದ್ರವ್ಯವೂ ಮೈಟೊಕಾಂಡ್ರಿಯಗಳೂ ಅದರಲ್ಲಿ ಸಮೃದ್ಧವಾಗಿವೆ. ವೀರ್ಯಾಣುವಿನ ತಲೆಯೆಂದರೆ ಬಹುಮಟ್ಟಿಗೆ ಕೋಶಕೇಂದ್ರ ಮಾತ್ರ. ಅದರ ಹಿಂದೆ ಈಜಲು ಶಕ್ತಿ ಕೊಡುವ ಕೆಲವೇ ಮೈಟೊಕಾಂಡ್ರಿಯಗಳು, ಕೊನೆಗೆ ಬಾಲ. ತಂದೆಯ ಮೈಟೊಕಾಂಡ್ರಿಯಗಳು ಅಂಡಾಣುವಿನೊಳಗೆ ನಾಶವಾಗುತ್ತವೆ. ಆದುದರಿಂದ ಮಗನಾಗಲಿ ಮಗಳಾಗಲಿ, ಮಗುವಿನ ಜೀವಕೋಶಗಳಲ್ಲಿ ಉರಿಯುವ ಒಲೆಗಳೆಲ್ಲವೂ ತಾಯಿಯ ಮನೆಯಿಂದ ಬಂದವು.

ವೀರ್ಯಾಣುಗಳು ಗಂಡಸಿನಲ್ಲಿ ನಿತ್ಯವೂ ಹೊಸದಾಗಿ ಹುಟ್ಟುತ್ತವೆ. ಒಂದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಬೀಡಿ, ಸಿಗರೇಟುಗಳಿಂದ ಅವುಗಳ ಸಂಖ್ಯೆಯೂ ಚಲನೆಯೂ ಕುಂದುತ್ತವೆ. ಆದರೆ ಹೆಣ್ಣಿನ ಅಂಡಾಣುಗಳ ಮೂಲಕೋಶಗಳೆಲ್ಲವೂ ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡಿರುತ್ತವೆ. ನಿಮ್ಮಲ್ಲಿ ಪ್ರತಿಯೊಬ್ಬರೂ ಹುಟ್ಟಿಬಂದ ಆ ಅಂಡಾಣು ನಿಮ್ಮ ಅಜ್ಜಿಯ ಬಸಿರಿನಲ್ಲಿ ಮೊಳೆತುದು. ಹೀಗಿರುವಾಗ ಬಸುರಿಯ ತಟ್ಟೆಗೆ ಕೊನೆಯಲ್ಲಿ ಉಳಿದುದನ್ನು ಬಡಿಸುವ, ಹೆಣ್ಣುಮಗುವಿಗೆ ಹಾಲು ಕಡಿಮೆ ಮಾಡುವ ರೂಢಿ ಮನೆತನದ ಬೇರಿಗೇ ನೀರು ನಿಲ್ಲಿಸಿದಂತೆ.

ಗಂಡೋ ಹೆಣ್ಣೋ

ಮನುಷ್ಯನ 23 ಜೋಡಿ ವರ್ಣತಂತುಗಳಲ್ಲಿ ಒಂದು ಜೋಡಿ ಲಿಂಗವನ್ನು ನಿರ್ಧರಿಸುತ್ತದೆ. ಹೆಂಗಸಿನಲ್ಲಿ ಆ ಜೋಡಿಯ ಎರಡೂ ಎಕ್ಸ್ ಎಂಬ ವರ್ಣತಂತುಗಳು. ಗಂಡಸಿನಲ್ಲಿ ಒಂದು ಎಕ್ಸ್, ಇನ್ನೊಂದು ವೈ. ತಾಯಿಯ ಪ್ರತಿಯೊಂದು ಅಂಡಾಣುವಿನಲ್ಲಿಯೂ ಎಕ್ಸ್ ಮಾತ್ರ ಇರಲು ಸಾಧ್ಯ. ಅವಳಲ್ಲಿ ವೈ ಇಲ್ಲವೇ ಇಲ್ಲ. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ ಹೊತ್ತಿರುತ್ತವೆ. ಎಕ್ಸ್ ಹೊತ್ತ ವೀರ್ಯಾಣು ಕೂಡಿದರೆ ಹೆಣ್ಣು, ವೈ ಹೊತ್ತುದು ಕೂಡಿದರೆ ಗಂಡು. ಬಿತ್ತಿದ ಬೀಜವೇ ಬೆಳೆಯುವುದಲ್ಲದೆ, ರಾಗಿ ಬಿತ್ತಿ ಭತ್ತ ಬರಲಿಲ್ಲವೆಂದು ಯಾವ ರೈತನೂ ಭೂಮಿಯನ್ನು ದೂರುವುದಿಲ್ಲ.

ಹಾಗೆಂದು ತಂದೆಯನ್ನು ದೂಷಿಸುವುದೂ ಸಲ್ಲದು. ಕೋಟ್ಯಂತರ ವೀರ್ಯಾಣುಗಳಲ್ಲಿ ಯಾವುದು ಅಂಡಾಣುವನ್ನು ಸೇರುತ್ತದೆಂಬುದು ಯಾರ ಇಚ್ಛೆಗೂ ಒಳಪಟ್ಟಿಲ್ಲ. ವ್ರತ, ಹರಕೆ, ನಾಟಿ ಔಷಧಿ, ವಿಶೇಷ ಆಹಾರ ಯಾವುದೂ ಇದನ್ನು ಬದಲಾಯಿಸಲಾರದು. ಮೂರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯದು ಗಂಡಾಗಲೇಬೇಕೆಂಬ ನಿಯಮವೂ ಇಲ್ಲ. ಪ್ರತಿ ಸಾರಿಯೂ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧವೇ. ಗಂಡಿಗಾಗಿ ಕಾಯುತ್ತ ಹೆತ್ತು ಹೆತ್ತು ತಾಯಿಯ ದೇಹ ಜರ್ಜರಿತವಾಗುವುದಲ್ಲದೆ ಬೇರೆ ಫಲವಿಲ್ಲ. ಗರ್ಭದಲ್ಲಿರುವ ಮಗುವಿನ ಲಿಂಗವನ್ನು ಪತ್ತೆ ಮಾಡುವುದೂ, ತಿಳಿಸುವುದೂ, ಮಾಡಿಸುವಂತೆ ಕೇಳುವುದೂ 1994ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ.

ರಕ್ತಸಂಬಂಧದ ಮದುವೆ

ವರ್ಣತಂತುಗಳು ಜೋಡಿಯಾಗಿರುವುದರಿಂದ ಒಂದು ಅನುಕೂಲವುಂಟು. ಒಂದರಲ್ಲಿನ ವಂಶವಾಹಿ ದೋಷಯುಕ್ತವಾಗಿದ್ದರೂ ಜೊತೆಯದು ಸರಿಯಾಗಿದ್ದರೆ ಅನೇಕ ರೋಗಗಳು ಕಾಣಿಸಿಕೊಳ್ಳುವುದಿಲ್ಲ. ಆದರೆ ತಂದೆತಾಯಿ ಇಬ್ಬರಲ್ಲಿಯೂ ಒಂದೇ ದೋಷ ಅಡಗಿದ್ದರೆ, ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಂಭವ ಮಗುವಿಗೆ ರೋಗ ಬರುವುದು. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ತರುವ ರೂಢಿ ನಮ್ಮ ನಾಡಿನಲ್ಲಿದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಪೂರ್ವಜನಿಂದ ಬಂದ ದೋಷ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಹಾಗೆ ಮದುವೆಯಾದವರು ಅಂಜಬೇಕಾದುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ವೈದ್ಯರಿಗೆ ಈ ಸಂಗತಿಯನ್ನು ಮೊದಲೇ ತಿಳಿಸಬೇಕು. ಮಕ್ಕಳಿಗೆ ಸಂಬಂಧ ನೋಡುವಾಗ ಹೊರಗಿನ ಸಂಬಂಧವೇ ಲೇಸೆಂಬುದನ್ನು ನೆನೆಯಬೇಕು.

ಕೋಶವಿಭಜನೆ ಮತ್ತು ಅಂತರ

ಮೊದಲ ಜೀವಕೋಶ ಒಂದೆರಡು ದಿನಗಳಲ್ಲಿ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಗರ್ಭಕೋಶಕ್ಕೆ ಬಂದು ನೆಲೆಗೊಳ್ಳುತ್ತದೆ. ಗರ್ಭ ನಿಂತ ಸುಮಾರು ನಾಲ್ಕು ವಾರಗಳಲ್ಲಿ ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಬೇಕಾದ ಕೊಳವೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆ ವೇಳೆಗೆ ತಾವು ಬಸುರಿಯೆಂಬುದೇ ನಿಶ್ಚಯವಾಗಿರುವುದಿಲ್ಲ. ಫೋಲಿಕ್ ಆಮ್ಲ ಕಡಿಮೆಯಾದರೆ ಆ ಕೊಳವೆ ಸರಿಯಾಗಿ ಮುಚ್ಚದೆ ಮಗು ಅಂಗವೈಕಲ್ಯದಿಂದ ಹುಟ್ಟಬಹುದು. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದಾಗಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಿ ಮೊದಲ ಮೂರು ತಿಂಗಳು ಮುಂದುವರಿಸಬೇಕು.

ಬೆಳೆ ತೆಗೆದ ಹೊಲಕ್ಕೆ ಗೊಬ್ಬರವಿಲ್ಲದೆ ಮತ್ತೆ ಬಿತ್ತಿದರೆ ಪೈರು ಸೊರಗುತ್ತದೆ. ತಾಯಿಯ ದೇಹವೂ ಹಾಗೆಯೇ. ಒಂದು ಮಗುವಿಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಅದಕ್ಕೆ ವಂಕಿ, ನುಂಗುವ ಮಾತ್ರೆ, ಚುಚ್ಚುಮದ್ದು, ನಿರೋಧ್ ಮುಂತಾದ ಉಪಾಯಗಳುಂಟು.

ಮಕ್ಕಳು ಸಾಕೆಂದು ನಿಶ್ಚಯಿಸಿದವರಲ್ಲಿ ಗಂಡನೇ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ಸುಲಭವೂ ಸುರಕ್ಷಿತವೂ ಆದ ಮಾರ್ಗ. ವ್ಯಾಸೆಕ್ಟಮಿಯಲ್ಲಿ ವೀರ್ಯಾಣುಗಳು ಸಾಗುವ ಸಣ್ಣ ನಾಳಗಳನ್ನು ಮುಚ್ಚಲಾಗುತ್ತದೆ, ಅಷ್ಟೆ. ಪೌರುಷಕ್ಕೆ ಕಾರಣವಾದ ರಸವನ್ನು ತಯಾರಿಸುವ ವೃಷಣದ ಜೀವಕೋಶಗಳೇ ಬೇರೆ. ಅವು ಆ ರಸವನ್ನು ನಾಳಗಳಿಗಲ್ಲ, ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದುದರಿಂದ ಗಂಡಸುತನವಾಗಲಿ, ನೇಗಿಲು ಹಿಡಿಯುವ ತೋಳಿನ ಬಲವಾಗಲಿ ಕುಗ್ಗುವುದಿಲ್ಲ. ಆದರೆ ನಾಳದಲ್ಲಿ ಮೊದಲೇ ಸೇರಿದ ವೀರ್ಯಾಣುಗಳು ಬರಿದಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಿ, ವೀರ್ಯಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಪೊರೆ, ಕೋಶದ್ರವ್ಯ, ಕೋಶಕೇಂದ್ರ, ಮೈಟೊಕಾಂಡ್ರಿಯಗಳು ಸಸ್ಯಕೋಶ, ಪ್ರಾಣಿಕೋಶ ಎರಡರಲ್ಲಿಯೂ ಇವೆ. ಕೋಶಭಿತ್ತಿ, ಕ್ಲೋರೋಪ್ಲಾಸ್ಟ್, ದೊಡ್ಡ ರಸದಾನಿ ಸಸ್ಯಕೋಶದ ವಿಶೇಷ.
2. ಭೇದಿಯಾದ ಮಗುವಿಗೆ ಓ.ಆರ್.ಎಸ್. ಕೊಡಿ, ಎದೆಹಾಲು ಮುಂದುವರಿಸಿ.
3. ಫೋಲಿಕ್ ಆಮ್ಲ ಮೊದಲಿನಿಂದ. ಕಬ್ಬಿಣಾಂಶದ ಮಾತ್ರೆ ನಾಲ್ಕನೆಯ ತಿಂಗಳಿನಿಂದ.
4. ಮಗು ಗಂಡೋ ಹೆಣ್ಣೋ ಎಂಬುದಕ್ಕೆ ತಾಯಿ ಕಾರಣಳಲ್ಲ.
5. ಇಬ್ಬರು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿರಲಿ.

ಮಗುವಿನ ಮೊದಲ ಜೀವಕೋಶವನ್ನು ಕಟ್ಟುವಲ್ಲಿ ಗಂಡ ಹೆಂಡಿರಿಬ್ಬರೂ ಪಾಲುದಾರರು. ಆ ಮಗುವನ್ನು ಹೊರುವಾಗಲೂ, ಸಲಹುವಾಗಲೂ ಆ ಪಾಲುದಾರಿಕೆ ಮುಂದುವರಿಯಬೇಕು. ಸಂದೇಹಗಳಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಸಂಕೋಚವಿಲ್ಲದೆ ಕಾಣಿರಿ. ಬರುವಾಗ ದಂಪತಿಗಳು ಇಬ್ಬರೂ ಜೊತೆಯಾಗಿ ಬನ್ನಿರಿ.